ಕಲ್ಲುಸಾಲುಗಳ ದಿಕ್ಕೂ ಆಕಸ್ಮಿಕತೆಯ ಗಣನೆಯೂ

ಪಾಮನಕಲ್ಲೂರು, ಮಸ್ಕಿಗಳ ನೆಲದಿಂದ ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಸಾಗಿದರೆ, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಸಂಸ್ಕೃತಿಯ ಕಲ್ಲುಗಳು ಸಾಲುಸಾಲಾಗಿ ನೆಲೆಗೊಂಡಿರುವುದನ್ನು ಕಾಣುತ್ತೇವೆ. 19ನೆಯ ಶತಮಾನದಲ್ಲಿ ಮೆಡೋಸ್ ಟೇಲರನು ಸುರಪುರ ಸೀಮೆಯ ಇಂಥ ಅವಶೇಷಗಳನ್ನು ವರ್ಣಿಸಿದನು; 1956ರಲ್ಲಿ ಆಲ್ಚಿನ್ ಅವರು ಈ ಪ್ರದೇಶದ ಕಲ್ಲುಸಾಲುಗಳನ್ನು ಕುರಿತು ಬರೆದರು. ಅನಂತರ ಖಗೋಳಶಾಸ್ತ್ರಜ್ಞ ಎನ್. ಕಾಮೇಶ್ವರ ರಾವ್ ಮೊದಲಾದವರು ಇವುಗಳ ದಿಕ್ಕಿಗೂ ಸೂರ್ಯನ ಉದಯಾಸ್ತಗಳಿಗೂ ಇರಬಹುದಾದ ಸಂಬಂಧವನ್ನು ಪರಿಶೀಲಿಸಿದ್ದಾರೆ. ಅವರ ನಿರ್ಣಯಗಳ ವಿಮರ್ಶೆ ಇಲ್ಲಿ ನಮ್ಮ ಉದ್ದೇಶವಲ್ಲ. ಯಾವ ಉದ್ದೇಶವೂ ಇಲ್ಲದೆ ಕಲ್ಲುಗಳನ್ನು ನಿಲ್ಲಿಸಿದ್ದರೂ ಇಂಥ ಹೊಂದಿಕೆ ಎಷ್ಟು ಸಲ ಕಂಡುಬರುತ್ತಿತ್ತು ಎಂಬುದಷ್ಟೇ ನಮ್ಮ ಪ್ರಶ್ನೆ. ಸಂಖ್ಯಾಶಾಸ್ತ್ರಜ್ಞರು ಇದನ್ನು ಹುಸಿ ಸಮರ್ಥನೆಯ ಪ್ರಮಾಣವೆನ್ನುವರು. ವಾಡಿಕೆಯಾಗಿ ಅದು ಶೇ. 5ನ್ನು ಮೀರಬಾರದು.

ಈ ಅಕ್ಷಾಂಶದಲ್ಲಿ, ಸಮತಟ್ಟಾದ ದಿಗಂತದ ಮೇಲೆ, ಜೂನ್ ಅಯನದ ಸೂರ್ಯೋದಯವು ಉತ್ತರದಿಂದ ಪೂರ್ವದ ಕಡೆಗೆ ಸುಮಾರು 65½ ಅಂಶಗಳಲ್ಲಿಯೂ ಡಿಸೆಂಬರ್ ಅಯನದ್ದು 114½ ಅಂಶಗಳಲ್ಲಿಯೂ ಆಗುವುದು. ಸೂರ್ಯಾಸ್ತಗಳು ಇದೇ ರೇಖೆಗಳ ಇನ್ನೊಂದು ತುದಿ. ಎರಡು ಪಕ್ಕಕ್ಕೂ ಒಂದೊಂದು ಅಂಶದ ವಿನಾಯಿತಿ ಕೊಟ್ಟರೆ 180 ಅಂಶಗಳಲ್ಲಿ 4 ನಮಗೆ ಅನುಕೂಲವಾಗುವುವು. ಎಂದರೆ 45ರಲ್ಲಿ 1 ಪಾಲು. ಚದುರಿದ 20 ಕಲ್ಲುಗಳನ್ನು ಎರಡೆರಡಾಗಿ ಜೋಡಿಸಿದರೆ 190 ರೇಖೆಗಳು. ಅವುಗಳಲ್ಲಿ ನಾಲ್ಕಾದರೂ ಸೂರ್ಯನ ಕಡೆಗಿದ್ದರೆ ಅಚ್ಚರಿಪಡಬೇಕಾದುದೇನೂ ಇಲ್ಲ.

ಆದರೆ ವಿಭೂತಿಹಳ್ಳಿಯ ಕಲ್ಲುಗಳು ಚದುರಿದವುಗಳಲ್ಲ, ಅವುಗಳಿಗೆ ಕ್ರಮವಿದೆ. ತೊಡಕಿರುವುದು ಇಲ್ಲಿಯೇ. ಒಂದು ಸಾಲು ಸೂರ್ಯನಿಗೆ ಹೊಂದಿದರೆ ಅದಕ್ಕೆ ಸಮಾನಾಂತರವಾದ ಎಲ್ಲ ಸಾಲುಗಳೂ ಹೊಂದುವುವು. ನೋಡುವವರು ಇವನ್ನು ಹತ್ತಾರು ಸಾಕ್ಷ್ಯಗಳೆಂದು ಎಣಿಸಿಯಾರು. ವಾಸ್ತವವಾಗಿ ಸಾಕ್ಷ್ಯ ಒಂದೇ. ಆದುದರಿಂದ ಅನುಕರಣ ಪ್ರಯೋಗದಲ್ಲಿ ಕಲ್ಲುಗಳನ್ನು ಬಿಡಿಬಿಡಿಯಾಗಿ ಚೆಲ್ಲುವುದು ತಪ್ಪು. ನಕ್ಷೆಯನ್ನು ಇದ್ದಂತೆಯೇ ಇರಿಸಿಕೊಂಡು, ಗಣಕಯಂತ್ರದಿಂದ ಯಾದೃಚ್ಛಿಕವಾಗಿ ಒಂದು ಕೋನವನ್ನು ಆರಿಸಿ, ಇಡೀ ನಕ್ಷೆಯನ್ನು ಅಷ್ಟು ತಿರುಗಿಸಬೇಕು. ಹೊಂದಿಕೆ ಕಂಡಿತೇ ಇಲ್ಲವೇ ಎಂದು ಗುರುತಿಸಿಕೊಂಡು ಮತ್ತೆ ತಿರುಗಿಸಬೇಕು.

ವಿನ್ಯಾಸ ಪೂರ್ಣ ಚೌಕವೆಂದು ಭಾವಿಸಿ, ಅಡ್ಡ, ಉದ್ದ, ಎರಡು ಕರ್ಣ, ಹೀಗೆ ನಾಲ್ಕು ದಿಕ್ಕುಗಳನ್ನು ಪರೀಕ್ಷಿಸಿದರೆ ಉತ್ತರ ಸುಮಾರು ಶೇ. 9. ಇಷ್ಟನ್ನು ಕಾಗದದ ಮೇಲೆಯೇ ಲೆಕ್ಕಹಾಕಬಹುದು. ಇತಿಹಾಸದ ವಿದ್ಯಾರ್ಥಿಗಳು ಬೆದರಬೇಕಾಗಿಲ್ಲ. ಆದರೆ ನಿಜವಾದ ಕಲ್ಲುಗಳು ಸರಿದಿರುತ್ತವೆ, ಉರುಳಿರುತ್ತವೆ, ಕೆಲವು ಇಲ್ಲವೇ ಆಗಿರುತ್ತವೆ. ಅಂಥ ನಕ್ಷೆಗೆ ಪ್ರಯೋಗವಲ್ಲದೆ ಬೇರೆ ದಾರಿ ಕಾಣದು. 1,000 ಸಲ ತಿರುಗಿಸಿದರೆ ಈ ಶೇ. 9 ಎಂಬುದು ಒಂದರಷ್ಟು ಹಿಂದುಮುಂದಾಗುವುದು. 10,000 ಸಲವಾದರೆ ವ್ಯತ್ಯಾಸ 0.3ಕ್ಕೆ ಇಳಿಯುವುದು. ಇನ್ನು ವಿನಾಯಿತಿಯನ್ನು ಒಂದು ಅಂಶದಿಂದ ಎರಡಕ್ಕೆ ಏರಿಸಿದರೆ ಹುಸಿ ಸಮರ್ಥನೆ ಶೇ. 18ರಷ್ಟಾಗುವುದು. ಆದಕಾರಣ ಆ ವಿನಾಯಿತಿಯನ್ನು ಕ್ಷೇತ್ರಕ್ಕೆ ಹೋಗುವ ಮುನ್ನವೇ ಬರೆದಿಡತಕ್ಕದ್ದು.