ಹೊಸ ಕೀಲು, ಹಳೆಯ ನೆಲ

ಕನ್ನಡದ ನುಡಿಗಟ್ಟುಗಳಲ್ಲಿ ಸೊಂಟಕ್ಕೆ ಸಂದಿರುವ ಗೌರವ ಸಣ್ಣದಲ್ಲ. ಕಾರ್ಯಕ್ಕೆ ಸಿದ್ಧನಾದವನು ಟೊಂಕ ಕಟ್ಟುತ್ತಾನೆ. ದುಡಿದು ದಣಿದವನು ಸೊಂಟ ಬಿದ್ದುಹೋಯಿತೆನ್ನುತ್ತಾನೆ. ಆದರೆ ನಡು, ಟೊಂಕ, ಸೊಂಟ, ಚಪ್ಪೆ ಎಂಬ ಈ ಮಾತುಗಳಲ್ಲಿ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ತೊಡಗುತ್ತದೆಂಬುದನ್ನು ನಾವು ಹೆಚ್ಚಾಗಿ ವಿಚಾರಿಸಿದವರಲ್ಲ. ತೊಡೆಯ ಮೂಳೆಯ ತಲೆಯು ಸೊಂಟದ ಗುಳಿಯಲ್ಲಿ ಕೂಡುವ ಆ ಒಂದು ಕೀಲು ಸವೆದು, ನೋವು ತೊಡೆಸಂದಿಯಿಂದ ಮೊಣಕಾಲಿನವರೆಗೆ ಇಳಿಯತೊಡಗಿದ ಮೇಲೆಯೇ ನನಗೆ ಈ ಭೂಗೋಳದ ಪರಿಚಯವಾದದ್ದು.

ನಾನಿರುವುದು ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಹಳೆಯದೊಂದು ಗಿರಣಿಯೂರಿನಲ್ಲಿ. ಸೊಂಟದ ಕೀಲನ್ನು ಬದಲಿಸುವ ಶಸ್ತ್ರಕ್ರಿಯೆಯು ಇಂದಿನ ರೂಪಕ್ಕೆ ಬಂದದ್ದೂ ಇದೇ ಸೀಮೆಯಲ್ಲಿ ಎಂಬುದು ಕಾಕತಾಳೀಯ. ವಿಗನ್ ಪಟ್ಟಣದ ಸಮೀಪ, ಮೊದಲು ಕ್ಷಯರೋಗಿಗಳಿಗಾಗಿ ಇದ್ದ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಈ ಸಾಧನೆ ನಡೆಸಿದರು. ಅವರನ್ನು ಈ ವಿಚಾರಕ್ಕೆ ಹಚ್ಚಿದ್ದು ಒಂದು ಕಿರುಗುಟ್ಟುವ ಸೊಂಟವಂತೆ. ಊಟದ ಮೇಜಿನ ಬಳಿ ಮುಂದಕ್ಕೆ ಬಾಗಿದಾಗಲೆಲ್ಲ ಒಬ್ಬ ರೋಗಿಯ ಕೃತಕ ಕೀಲು ಸದ್ದು ಮಾಡುತ್ತಿತ್ತು. ಅದನ್ನು ತಾಳಲಾರದೆ ಆತನ ಹೆಂಡತಿ ಎದ್ದುಹೋಗುತ್ತಿದ್ದಳು. ಕೀಲಿನ ನಿಜವಾದ ವೈರಿ ಘರ್ಷಣೆಯೆಂದರಿತ ಚಾರ್ನ್ಲಿ, ಉಕ್ಕಿನ ಚಿಕ್ಕ ಗುಂಡಿಗೆ ಟೆಫ್ಲಾನಿನ ಬಟ್ಟಲನ್ನು ಹೊಂದಿಸಿ ಸುಮಾರು 300 ಮಂದಿಗೆ ಜೋಡಿಸಿದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನು ಸವೆದು, ಅದರ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿತು. ಆ ಪದಾರ್ಥದ ಗುಣವನ್ನರಿಯಲು ಅವರು ಅದನ್ನು ತಮ್ಮ ತೊಡೆಯೊಳಗೇ ಇರಿಸಿಕೊಂಡು ನೋಡಿದರು. ಕೊನೆಗೆ ಕೈಹಿಡಿದದ್ದು, ಬಟ್ಟೆಗಿರಣಿಯ ಮಗ್ಗಗಳ ಹಲ್ಲುಚಕ್ರಗಳಿಗೆಂದು ಮಾರಾಟಕ್ಕೆ ಬಂದಿದ್ದ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕು. 1962ರ ನವೆಂಬರಿನಲ್ಲಿ ಅದರ ಬಟ್ಟಲು ಮೊದಲ ಬಾರಿಗೆ ಮನುಷ್ಯನ ಸೊಂಟವನ್ನು ಸೇರಿತು. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನವೊಂದು ಇದನ್ನು ಶತಮಾನದ ಶಸ್ತ್ರಕ್ರಿಯೆಯೆಂದು ಕರೆಯಿತು. ಇಂಥ ಕೀಲುಗಳಲ್ಲಿ 100ಕ್ಕೆ 58ರಷ್ಟು 25 ವರ್ಷ ಬಾಳುತ್ತವೆಂದು 2019ರಲ್ಲಿ ಅದೇ ಪತ್ರಿಕೆ ಲೆಕ್ಕ ಕೊಟ್ಟಿದೆ. 66ರ ವಯಸ್ಸಿನ ನನಗೆ ಇದಕ್ಕಿಂತ ಹೆಚ್ಚಿನ ಆಶ್ವಾಸನೆ ಬೇಕಿಲ್ಲ.

ಶಸ್ತ್ರಕ್ರಿಯೆಗೆ ಮೊದಲು ಆಸ್ಪತ್ರೆಯಿಂದ ಒಂದು ಫಾರಂ ಬಂದಿತು. ಮನೆಯ ಕುರ್ಚಿ, ಮಂಚ, ಶೌಚಪೀಠಗಳ ಎತ್ತರವನ್ನೂ ನನ್ನ ಮೊಣಕಾಲಿನ ಹಿಂಭಾಗದಿಂದ ಹಿಮ್ಮಡಿಯವರೆಗಿನ ಅಳತೆಯನ್ನೂ ತುಂಬಿ ಕಳುಹಿಸಬೇಕು. ಅದನ್ನು ನೋಡಿ, ತಗ್ಗಾದವನ್ನು ಎತ್ತರಿಸುವ ಸಲಕರಣೆಗಳನ್ನು ಅವರೇ ಒದಗಿಸುವರು. 1948ರಲ್ಲಿ ಆರಂಭವಾದ ಇಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಇಂಥ ಮುತುವರ್ಜಿ ಇಂದಿಗೂ ಉಳಿದಿದೆ. ನಾನು ಅಳತೆಪಟ್ಟಿ ಹಿಡಿದು ಎಲ್ಲವನ್ನೂ ತುಂಬಿದೆ. ತುಂಬಿದ ಮೇಲೆ ಒಂದು ಸಂಗತಿ ಹೊಳೆಯಿತು: ಆ ಫಾರಮ್ಮಿನಲ್ಲಿ ನೆಲಕ್ಕೆ ಕಲಮಿರಲಿಲ್ಲ.

ಮೂರನೆಯ ದಿನ ಮನೆಗೆ ಬಂದೆ. ನನ್ನಾಕೆ ತೀರಿಕೊಂಡು ಆರು ವರ್ಷವಾಯಿತು. ಟೊರಾಂಟೊದಿಂದ ಬಂದಿದ್ದ ಮಗಳು ಎರಡು ವಾರವಿದ್ದು ಹೊರಟುಹೋದಳು. ಆಮೇಲೆ ಉಳಿದವರು ಎರಡು ಊರುಗೋಲುಗಳು ಮತ್ತು ಪಕ್ಕದ ಮನೆಯ ಅಜ್ಜಿ. ಹರೆಯದಲ್ಲಿ ಹತ್ತಿಯ ಗಿರಣಿಯಲ್ಲಿ ದುಡಿದ ಆಕೆಗೆ ಎರಡು ಸೊಂಟವೂ ಹೊಸವು. ಗುರುತಿಲ್ಲದವರನ್ನೂ ‘ಲವ್’ ಎಂದು ಕರೆಯುವ ಈ ಸೀಮೆಯ ರೂಢಿಯಂತೆ ನನ್ನನ್ನೂ ಹಾಗೆಯೇ ಕರೆದು, ದಿನವೂ ಮಧ್ಯಾಹ್ನ ಮೂರಕ್ಕೆ, ಚಳಿಗಾಲದ ಬೆಳಕು ಆರುವ ಮುನ್ನ, ಬೀದಿಯ ದೀಪದ ಕಂಬದವರೆಗೆ ನಡೆಸುವಳು. ಚಾರ್ನ್ಲಿಯವರ ಪ್ಲಾಸ್ಟಿಕ್ಕಿನ ಕಥೆಯನ್ನು ಹೇಳಿದಾಗ, “ಅಂದರೆ ನಮ್ಮ ಮಗ್ಗದ ಚಕ್ರವೇ ನನ್ನೊಳಗೆ ತಿರುಗುತ್ತಿದೆಯೆನ್ನಿ!” ಎಂದು ನಕ್ಕಳು. ಮೆಟ್ಟಿಲ ಸೂತ್ರವನ್ನು ಕಲಿಸಿದವಳೂ ಅವಳೇ: ಒಳ್ಳೆಯ ಕಾಲು ಸ್ವರ್ಗಕ್ಕೆ, ಕೆಟ್ಟ ಕಾಲು ನರಕಕ್ಕೆ. ಹತ್ತುವಾಗ ಗಟ್ಟಿಯಾದ ಕಾಲು ಮುಂದು, ಇಳಿಯುವಾಗ ಕೊಯ್ಯಿಸಿಕೊಂಡ ಕಾಲು ಮುಂದು. ಕರ್ಮಸಿದ್ಧಾಂತವನ್ನು ಇಷ್ಟು ಸುಲಭವಾಗಿ ಆಚರಣೆಗೆ ತಂದವರನ್ನು ನಾನು ಬೇರೆ ಕಂಡಿಲ್ಲ.

12 ವಾರಗಳವರೆಗೆ ನನಗೆ ಮೂರು ನಿಷೇಧಗಳು. ಕಾಲ ಮೇಲೆ ಕಾಲು ಹಾಕಬಾರದು. ಊರಿದ ಕಾಲಿನ ಮೇಲೆ ಮೈ ತಿರುಚಬಾರದು. ತೊಡೆಯನ್ನು ಸೊಂಟದ ಕಡೆಗೆ 90 ಅಂಶಕ್ಕಿಂತ ಹೆಚ್ಚು ಮಡಿಸಬಾರದು. ಮೀರಿದರೆ ಗುಂಡು ಬಟ್ಟಲಿನಿಂದ ಜಾರೀತು. ಮೊದಲನೆಯದು ನನಗೆ ಹೊಸದಲ್ಲ. ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕಬಾರದೆಂಬುದನ್ನು ಬಾಲ್ಯದಲ್ಲಿಯೇ ತಲೆಗೆ ಮೊಟಕಿಸಿಕೊಂಡು ಕಲಿತಿದ್ದೆ. ಆದರೆ ಮೂರನೆಯದು? ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಬಗ್ಗಿ ಕಾಲು ಮುಟ್ಟಿ ನಮಸ್ಕರಿಸುವುದು, ಮಣೆಯ ಮೇಲೆ ಕುಳಿತು ಎಲೆಯ ಮುಂದೆ ಬಾಗುವುದು ಇವೆಲ್ಲ ಆ 90 ಅಂಶದ ಆಚೆಗಿನ ಲೋಕ. ನಮ್ಮ ವಿನಯ, ಭಕ್ತಿ, ಊಟ, ಹರಟೆ ಎಲ್ಲವೂ ಅಲ್ಲಿಯೇ ವಾಸವಾಗಿವೆ. ಈ ನಿಷೇಧದಿಂದ ಪಕ್ಕದ ಮನೆಯ ಅಜ್ಜಿ ಕಳೆದುಕೊಂಡದ್ದು ಹೂದೋಟದ ಕಳೆ ಕೀಳುವ ಕೆಲಸವೊಂದನ್ನು. ನಾನು ಕಳೆದುಕೊಂಡದ್ದರ ಪಟ್ಟಿ ದೊಡ್ಡದು.

ಆರನೆಯ ವಾರ ಶಸ್ತ್ರವೈದ್ಯರನ್ನು ಕಂಡಾಗ ಅವರು ಸಂತೋಷದಿಂದ ಕೇಳಿದರು: ಮೆಟ್ಟಿಲು ಹತ್ತುವಿರಾ? ಅಂಗಡಿಗೆ ಹೋಗುವಿರಾ? ಕಾರು ನಡೆಸಬಲ್ಲಿರಾ? ಎಲ್ಲಕ್ಕೂ ಹೌದೆಂದೆ. “ನೆಲದ ಮೇಲೆ ಕೂರುವುದು ಯಾವಾಗ?” ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ವಯಸ್ಸಿಗೂ ಈ ಕೀಲಿಗೂ ಅದನ್ನು ಬಿಡುವುದೇ ಕ್ಷೇಮವೆಂದು ಮೃದುವಾಗಿ ಹೇಳಿದರು. ಅವರ ದೃಷ್ಟಿಯಲ್ಲಿ ನಾನು ಆಗಲೇ ಗುಣವಾಗಿದ್ದೆ. ಗುಣವಾಗುವುದೆಂದರೆ ತನ್ನ ಬಾಳಿಗೆ ಹಿಂದಿರುಗುವುದು. ಆ ಬಾಳಿನ ಎತ್ತರ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು.

ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ 88 ವರ್ಷದ ತಾಯಿಯಿದ್ದಾರೆ. ಊರಿಗೆ ಹೋದಾಗಲೆಲ್ಲ ಜಗಲಿಯ ಕೆಂಪು ಗಾರೆಯ ನೆಲದ ಮೇಲೆ, ಅವರ ಎದುರಿಗೆ ಕುಳಿತು ಗಂಟೆಗಟ್ಟಲೆ ಮಾತನಾಡುವುದು ನನ್ನ ವಾಡಿಕೆ. ತಾಯಿ ನೆಲದ ಮೇಲೆ ಕುಳಿತಿರುವಾಗ ಮಗನು ಎತ್ತರದ ಆಸನದಲ್ಲಿ ಕೂರುವುದನ್ನು ನೆನೆದೇ ನನಗೆ ಸಂಕೋಚವಾಗುತ್ತಿತ್ತು. ಕೀಲು ಕೊಯ್ಯಿಸಿಕೊಂಡಾಗ ಆಗದ ದುಃಖ ಇದರಿಂದಾಯಿತೆಂದರೆ ಅತಿಶಯೋಕ್ತಿಯಲ್ಲ. ಒಂದು ಸಂಜೆ ದೂರವಾಣಿಯಲ್ಲಿ ವೈದ್ಯರ ಮಾತನ್ನು ಅವರಿಗೆ ತಿಳಿಸಿದೆ.

ಅತ್ತ ಕಡೆ ಕೊಂಚ ಮೌನ. ಆಮೇಲೆ ತಾಯಿ ಹೇಳಿದರು: “ನಾನು ನೆಲಕ್ಕೆ ಕೂರದೆ ಎರಡು ವರ್ಷವಾಯಿತು ಕಣೋ. ಮಂಡಿ ಕೇಳುವುದಿಲ್ಲ. ಪರದೇಶದಲ್ಲಿ ಒಬ್ಬನೇ ಇದ್ದೀಯ, ಸುಮ್ಮನೆ ಕೊರಗುತ್ತೀಯೆಂದು ಹೇಳಲಿಲ್ಲ. ಹೋದ ಸಲ ನೀನು ಬಂದಾಗ ಹೇಗೋ ಕೂತಿದ್ದೆ.”

ನಾನು ನೋವನ್ನು ನುಂಗಿಕೊಂಡು ಅವರೆದುರು ನೆಲಕ್ಕೆ ಕುಳಿತಿದ್ದ ಆ ದಿನಗಳಲ್ಲಿ ಅವರೂ ನನಗಾಗಿ ಅದನ್ನೇ ಮಾಡುತ್ತಿದ್ದರು.

ದೂರದ ವಿಮಾನಯಾನಕ್ಕೆ ಮೂರು ತಿಂಗಳು ತುಂಬಬೇಕೆಂದು ವೈದ್ಯರ ಅಪ್ಪಣೆ. ತಾಯಿ ಅಲ್ಲಿಯವರೆಗೆ ಸುಮ್ಮನಿರುವವರಲ್ಲ. ನನ್ನ ಕುರ್ಚಿ ಎಷ್ಟು ಎತ್ತರವಿರಬೇಕೆಂದು ಬರೆದು ಕಳಿಸು, ಬಡಗಿಗೆ ಹೇಳಿಸಿ ತನ್ನದರ ಜೊತೆಗಿಡಿಸುತ್ತೇನೆಂದರು. ಆಸ್ಪತ್ರೆಯ ಫಾರಮ್ಮಿನ ಪ್ರತಿಯನ್ನು ಹುಡುಕಿ ತೆಗೆದು, ಅಳತೆಯನ್ನು ಕನ್ನಡದಲ್ಲಿ ಬರೆದು ಅಂಚೆಗೆ ಹಾಕಿದ್ದೇನೆ: ಕೂರುವ ಹಲಗೆ ನೆಲದಿಂದ 20 ಅಂಗುಲ.