ಹಾರುವ ಮೊದಲು ಗುಡ್ಡೆ ಯಾರದ್ದೆಂದು ಕೇಳಿ

ಮೆಣಸು ತರಲು ಬ್ಯಾಡಗಿಗೆ ಹೋಗುವ ನಮ್ಮ ವ್ಯಾಪಾರಿಗಳಿಗೆ ಮೋಟೆಬೆನ್ನೂರು ಹೊಸ ಹೆಸರಲ್ಲ. ಹಾವೇರಿ ದಾಟಿ ರಾಣೆಬೆನ್ನೂರಿನ ಕಡೆಗೆ ಹೆದ್ದಾರಿ 48ರಲ್ಲಿ ಹೋಗುವಾಗ ಸಿಗುವ ಊರು ಅದು. ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ಮೈಲಾರ ಮಹದೇವಪ್ಪ ಹುಟ್ಟಿದ್ದು ಅಲ್ಲಿಯೇ. ಲಾರಿ ನಿಲ್ಲಿಸಿ ಚಾ ಕುಡಿಯುವಾಗ ಒಮ್ಮೆ ತಲೆ ಎತ್ತಿ ನೋಡಿ. ಮಾರ್ಚ್ ತಿಂಗಳ ಮಧ್ಯಾಹ್ನ ಹದ್ದುಗಳು ರೆಕ್ಕೆ ಬಡಿಯದೆ, ಸುಮ್ಮನೆ ಚಾಚಿಕೊಂಡು, ಸುತ್ತು ಹಾಕುತ್ತಾ ಮೇಲೆ ಮೇಲೆ ಹೋಗುತ್ತವೆ. ಬಿಸಿಲಿಗೆ ಕಾದ ಬಯಲು ತನ್ನ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಕಂಬದ ಹಾಗೆ ಮೇಲೇಳುತ್ತದೆ. ಹದ್ದಿಗೆ ಆ ಕಂಬ ಎಲ್ಲಿದೆ ಎಂದು ಗೊತ್ತುಂಟು. ಸೂರಃ ಅಲ್-ಮುಲ್ಕ್‌ನ 19ನೇ ಆಯತ್ತಿನಲ್ಲಿ ನಮ್ಮ ತಲೆಯ ಮೇಲಿನ ಹಕ್ಕಿಗಳ ಪ್ರಸ್ತಾಪ ಬರುತ್ತದಲ್ಲ, ಅದನ್ನು ಮಕ್ಕಳಿಗೆ ಕಲಿಸುವಾಗ ನಾನು ಈ ಬಯಲುಸೀಮೆಯ ಹದ್ದುಗಳನ್ನೇ ಉದಾಹರಣೆ ಕೊಡುವುದು.

ಇದೇ ಗಾಳಿಯ ಕಂಬವನ್ನು ಹಿಡಿದು ಮನುಷ್ಯನೂ ಹಾರುತ್ತಾನೆ. ಅದಕ್ಕೆ ಬಳಸುವ ಸಾಧನವೇ ಹ್ಯಾಂಗ್ ಗ್ಲೈಡರ್. ಅಲ್ಯೂಮಿನಿಯಂ ಕೊಳವೆಗಳ ತ್ರಿಕೋನ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಇಂಜಿನ್ ಇಲ್ಲ. ಅಗಲ ಸುಮಾರು 10 ಮೀಟರ್, ತೂಕ ಸುಮಾರು 30 ಕಿಲೋ. ಹಾರುವವನು ಅದರ ಕೆಳಗೆ ಬೋರಲಾಗಿ ನೇತಾಡುತ್ತಾ, ದೇಹದ ಭಾರವನ್ನು ಎಡಕ್ಕೆ ಬಲಕ್ಕೆ ಸರಿಸಿ ತಿರುಗಿಸುತ್ತಾನೆ. ಈ ಬಗೆಯ ಬಟ್ಟೆ ರೆಕ್ಕೆಗೆ 1948ರಲ್ಲಿ ಪೇಟೆಂಟ್ ಕೇಳಿದವರು ಅಮೆರಿಕದ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಹೆಂಡತಿ ಗರ್ಟ್ರೂಡ್. ಅವರ ಮೊದಲ ರೆಕ್ಕೆ ಒಂದು ಗಾಳಿಪಟ, ಅದೂ ಅಡುಗೆಮನೆಯ ಪರದೆ ಬಟ್ಟೆಯಿಂದ ಮಾಡಿದ್ದು. ಪಣಂಬೂರಿನ ಗಾಳಿಪಟ ಉತ್ಸವ ನೋಡಿದವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಚೌಕಟ್ಟಿಲ್ಲದ ಪ್ಯಾರಾಗ್ಲೈಡರ್. ಕೇರಳದ ವಾಗಮಣ್‌ಗೆ ಟೂರ್ ಹೋಗಿ ಬಂದ ನಮ್ಮ ಹುಡುಗರ ಸ್ಟೇಟಸ್‌ನಲ್ಲಿ ಇರುವುದು ಅದೇ.

ಕಳೆದ ವರ್ಷ ಪಾಠ ಮುಗಿದ ಮೇಲೆ ಒಬ್ಬ ದೊಡ್ಡ ಹುಡುಗ ಇಂಥದ್ದೊಂದು ವೀಡಿಯೋ ತೋರಿಸಿ, "ಉಸ್ತಾದ್, ಇದು ಹರಾಮಾ?" ಎಂದು ಕೇಳಿದ. ನಾನು ಕೇಳಿದೆ, "ಅವನು ಓಡಿ ಬಂದು ಹಾರುವ ಆ ಗುಡ್ಡೆ ಯಾರದ್ದು?" ಹುಡುಗರೆಲ್ಲ ನಕ್ಕರು. ನಾನು ತಮಾಷೆಗೆ ಕೇಳಿದ್ದಲ್ಲ.

ಹಾರುವ ಆಸೆ ನಮ್ಮವರಿಗೆ ಹೊಸತೇನೂ ಅಲ್ಲ. ಕೊರ್ದೋವಾದ ಅಬ್ಬಾಸ್ ಇಬ್ನು ಫಿರ್ನಾಸ್ 9ನೇ ಶತಮಾನದಲ್ಲಿ ಮೈಗೆ ಗರಿ ಹಚ್ಚಿ, ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿದ ಕತೆಯನ್ನು ಹಲವರು ಕೇಳಿದ್ದೀರಿ. ಅದನ್ನು ನಮಗೆ ಮುಟ್ಟಿಸಿದ್ದು 17ನೇ ಶತಮಾನದ ಚರಿತ್ರೆಕಾರ ಅಲ್-ಮಖ್ಖರಿ. ವಾಟ್ಸಾಪ್‌ನಲ್ಲಿ "10 ನಿಮಿಷ ಹಾರಿದರು" ಎಂದು ಬರುತ್ತದೆ, ಆದರೆ ಮಖ್ಖರಿಯ ಬರಹದಲ್ಲಿ ನಿಮಿಷದ ಲೆಕ್ಕವೇ ಇಲ್ಲ. ಸಾಕಷ್ಟು ದೂರ ಹಾರಿದರು, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು, ಹಕ್ಕಿ ಇಳಿಯುವುದು ಬಾಲದ ಸಹಾಯದಿಂದ ಎಂಬುದನ್ನು ಅವರು ಗಮನಿಸಿರಲಿಲ್ಲ, ಇಷ್ಟೇ ಇರುವುದು. ಇಷ್ಟೇ ಸಾಕು ಮಾರಾಯರೆ, ಇಲ್ಲದ್ದನ್ನು ಸೇರಿಸಿ ದೊಡ್ಡದು ಮಾಡಬೇಕಾಗಿಲ್ಲ.

ಸಾವಿರ ವರ್ಷ ಕಳೆದ ಮೇಲೆ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಹಾರಿದರು. ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. 1894ರಲ್ಲಿ ಬರ್ಲಿನ್ ಹತ್ತಿರದ ಲಿಚ್ಟರ್‌ಫೆಲ್ಡೆಯಲ್ಲಿ ಅವರು ತಮ್ಮದೇ ಒಂದು ಗುಡ್ಡೆ ಕಟ್ಟಿಸಿದರು. 15 ಮೀಟರ್ ಎತ್ತರ, ದುಂಡಗೆ, ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಎದುರಿಗೆ ಓಡುವ ಹಾಗೆ. ಆದರೆ ದೂರ ಹಾರಬೇಕೆಂದರೆ ಅದು ಸಾಲಲಿಲ್ಲ, ಬೇರೆ ಬೆಟ್ಟಗಳಿಗೆ ಹೋಗಲೇಬೇಕಾಯಿತು. 1896ರ ಆಗಸ್ಟ್ 9ರಂದು ಸ್ಟೋಲ್ನ್ ಬಳಿಯ ಗೊಲೆನ್‌ಬರ್ಗ್ ಬೆಟ್ಟದಲ್ಲಿ ಬಿದ್ದವರು ಮರುದಿನ ತೀರಿಕೊಂಡರು.

ಎಲ್ಲರಿಗೂ ಗುಡ್ಡೆ ಕಟ್ಟಿಸಲಿಕ್ಕೆ ಆಗುತ್ತದಾ? ಹಾರಲು ಬೇಕಾದ ಜಾಗ ಸಿಗುವುದು ಕಷ್ಟ. ಗಾಳಿ ಇಳಿಜಾರಿಗೆ ನೇರ ಎದುರಾಗಿ ಬೀಸಬೇಕು, ಓಡುವಲ್ಲಿ ಮರ, ವಯರ್ ಇರಬಾರದು, ಕೆಳಗೆ ಇಳಿಯಲು ಬಯಲು ಬೇಕು. ಇಂಥ ಜಾಗ ಸಿಕ್ಕಿದರೆ ಅದು ಅರಣ್ಯ ಇಲಾಖೆಯದ್ದೋ, ಒಬ್ಬ ರೈತನದ್ದೋ, ಎಸ್ಟೇಟಿನದ್ದೋ, ವಕ್ಫಿನದ್ದೋ ಆಗಿರುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಲುಕೌಟ್ ಬೆಟ್ಟದಲ್ಲಿ ಒಂದು ಖಾಸಗಿ ಹಾರಾಟ ಕೇಂದ್ರ ದಶಕಗಳಿಂದ ನಡೆಯುತ್ತಿದೆ. ಅಲ್ಲಿ ಕಲಿಯುವವರನ್ನು ಮೊದಲ ದಿನವೇ ಬೆಟ್ಟದಿಂದ ದೂಡುವುದಿಲ್ಲ, ಕೆಳಗಿನ ಬಯಲಿನ ಸಣ್ಣ ದಿಬ್ಬಗಳಲ್ಲಿ ಓಡಿಸಿ ಓಡಿಸಿ ಕಲಿಸುತ್ತಾರೆ. ಬ್ರಿಟನ್ನಿನಲ್ಲಿ ಹೆಚ್ಚಿನ ಕಡೆ ಬೆಟ್ಟ ರೈತರದ್ದು, ಹಾರುವ ಕ್ಲಬ್ಬಿನವರದ್ದು ಬರೀ ಒಪ್ಪಿಗೆ. ಕುರಿ ಮರಿ ಹಾಕುವ ಕಾಲದಲ್ಲಿ ರೈತ ಬೇಡ ಎಂದರೆ ಆ ವಾರಗಳಲ್ಲಿ ಹಾರಾಟ ಬಂದ್. ಯಾರೂ ವಾದ ಮಾಡುವುದಿಲ್ಲ, ಏಕೆಂದರೆ ಒಬ್ಬ ಗೇಟು ತೆರೆದಿಟ್ಟು ಹೋದರೂ ಸಾಕು, ಎಲ್ಲರಿಗೂ ಆ ಬೆಟ್ಟ ತಪ್ಪಿ ಹೋಗುತ್ತದೆ.

ನಮ್ಮ ದರ್ಸ್‌ಗಳಲ್ಲಿ ಓದುವ, ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ಫತ್‌ಹುಲ್ ಮುಈನ್‌ನಲ್ಲಿ ಆರಿಯತ್ ಎಂಬ ಒಂದು ಅಧ್ಯಾಯವೇ ಉಂಟು. ಒಂದು ವಸ್ತುವನ್ನು ಬಾಡಿಗೆ ಇಲ್ಲದೆ ಬಳಸಲು ಕೊಡುವುದು ಆರಿಯತ್. ಹಣ ತೆಗೆದುಕೊಂಡರೆ ಅದು ಇಜಾರಃ, ಲೆಕ್ಕ ಬೇರೆ. ಶಾಫಿಈ ಮದ್‌ಹಬ್ ಪ್ರಕಾರ ಆರಿಯತ್ ಕೊಟ್ಟವನು ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಒಪ್ಪಿದ ಬಳಕೆಯನ್ನು ಮೀರಿ ಹಾಳಾದರೆ ಪಡೆದವನು ತುಂಬಿಕೊಡಬೇಕು. ಗುಡ್ಡೆಯ ಮೇಲಿಂದ ಓಡಲು ಮಾತ್ರ ಒಪ್ಪಿಗೆ ಕೊಟ್ಟಿದ್ದರೆ ಅಲ್ಲಿ ಟೆಂಟ್ ಹಾಕಿ, ಬೆಂಕಿ ಹೊತ್ತಿಸಿ, ಬಾಟಲಿ ಬಿಸಾಡಿ ಬರಲಿಕ್ಕಿಲ್ಲ.

ಇಳಿಯುವ ಜಾಗಕ್ಕೂ ಇದೇ ಮಾತು. ಗಾಳಿಯ ಕಂಬ ಮುಗಿದರೆ ಎಲ್ಲಿದ್ದೀರೋ ಅಲ್ಲಿ ಇಳಿಯಲೇಬೇಕು. ಮೋಟೆಬೆನ್ನೂರಿನ ಸುತ್ತಿನಂಥ ಬಯಲಲ್ಲಿ ಅದು ಮೆಕ್ಕೆಜೋಳದ ಹೊಲವೂ ಆಗಬಹುದು, ಕೊಯ್ಲಿಗೆ ಬಂದ ಮೆಣಸಿನ ಹೊಲವೂ ಆಗಬಹುದು. ಗ್ಲೈಡರ್‌ನಿಂದ ಆಗುವ ಹಾನಿ ಕಡಿಮೆ, ನೋಡಲು ಓಡಿ ಬರುವ ಜನರಿಂದಲೇ ಜಾಸ್ತಿ. ಆದರೂ ಅವರನ್ನು ಕರೆತಂದದ್ದು ಹಾರಿದವನು. ಜೀವ ಉಳಿಸಲು ಇಳಿದದ್ದು ತಪ್ಪಲ್ಲ, ಹೊಲದವನ ನಷ್ಟ ಕೇಳದೆ ರೆಕ್ಕೆ ಮಡಚಿಕೊಂಡು ಹೋದರೆ ಅದು ಹಕ್ಕಿನ ವಿಷಯ.

ಇನ್ನು ಜೀವದ ಮಾತು. 2018ರಲ್ಲಿ ಸ್ವಿಟ್ಜರ್ಲೆಂಡಿನದ್ದೊಂದು ವೀಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಪೈಲಟ್ ಪ್ರವಾಸಿಯ ಹುಕ್ ಸಿಕ್ಕಿಸಲು ಮರೆತು ಹಾರಿಬಿಟ್ಟ. ಆ ಮನುಷ್ಯ 2 ನಿಮಿಷ 14 ಸೆಕೆಂಡ್ ಬರೀ ಕೈಯಲ್ಲಿ ಜೋತುಬಿದ್ದು ಹೇಗೋ ಬದುಕಿದ, ಮಣಿಕಟ್ಟು ಮುರಿಯಿತು. ಹಾರುವ ಮೊದಲು ಒಮ್ಮೆ ಮಲಗಿ ನೇತಾಡಿ ಹುಕ್ ನೋಡುವ ಕ್ರಮ ಇರುವುದು ಇದಕ್ಕೇ, ಅರ್ಧ ನಿಮಿಷದ ಕೆಲಸ. ನಮ್ಮ ಹತ್ತಿರವೂ ಆಗಿದೆ. 2020ರ ಅಕ್ಟೋಬರ್ 2ರಂದು ಕಾರವಾರದ ಕಡಲತೀರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. 2025ರ ಜನವರಿಯಲ್ಲಿ ಗೋವಾದ ಕೇರಿ ಪ್ರಸ್ಥಭೂಮಿಯಲ್ಲಿ ಪ್ಯಾರಾಗ್ಲೈಡರ್ ಬಿದ್ದು ಪ್ರವಾಸಿ ಹುಡುಗಿ, ಪೈಲಟ್ ಇಬ್ಬರೂ ಸತ್ತರು, ಕಂಪನಿಯ ಮಾಲೀಕನ ಮೇಲೆ ಕೇಸಾಯಿತು.

ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗುವವನ ಬಗ್ಗೆ, ಕಡಲು ಉಕ್ಕುವಾಗ ದೋಣಿ ಹತ್ತುವವನ ಬಗ್ಗೆ ಹದೀಸ್‌ನಲ್ಲಿ ಎಚ್ಚರಿಕೆ ಇದೆ. ಮಾಳಿಗೆಯೂ ಹರಾಮ್ ಅಲ್ಲ, ಕಡಲೂ ಹರಾಮ್ ಅಲ್ಲ. ತಡೆ ಇಲ್ಲದಿರುವುದು, ಹೊತ್ತು ನೋಡದಿರುವುದು ತಪ್ಪು. ನಮ್ಮ ಮೀನುಗಾರರು ಮಳೆಗಾಲದಲ್ಲಿ ದೋಣಿ ಕಟ್ಟಿಹಾಕುವ ಹಾಗೆ ಹಿಮಾಚಲದಲ್ಲಿ ಪ್ರತಿವರ್ಷ ಜುಲೈ 15ರಿಂದ ಸೆಪ್ಟೆಂಬರ್ 15ರ ತನಕ ಪ್ಯಾರಾಗ್ಲೈಡಿಂಗ್ ನಿಲ್ಲಿಸುತ್ತಾರೆ. ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿ ತಂದಿದೆ. ಅದರ 11 ಕ್ರೀಡೆಗಳಲ್ಲಿ ಹ್ಯಾಂಗ್ ಗ್ಲೈಡಿಂಗ್, ಪ್ಯಾರಾಗ್ಲೈಡಿಂಗ್ ಎರಡೂ ಇವೆ. ಆದುದರಿಂದ ಹುಡುಗರು ದುಡ್ಡು ಕೊಡುವ ಮೊದಲು ಪೈಲಟ್‌ನ ಸರ್ಟಿಫಿಕೇಟ್, ವಿಮೆ, ಹೆಲ್ಮೆಟ್, ತುರ್ತು ಪ್ಯಾರಾಚೂಟ್ ಕೇಳಬೇಕು, ನಾಚಿಕೆ ಬೇಡ. "ಇವತ್ತು ಗಾಳಿ ಸರಿ ಇಲ್ಲ, ನಾಳೆ ಬನ್ನಿ" ಎಂದು ವಾಪಸ್ ಕಳಿಸುವವರು ಸಿಕ್ಕಿದರೆ ಅವರ ಹತ್ತಿರವೇ ನಾಳೆ ಹೋಗಿ. ಹೆಣ್ಣುಮಕ್ಕಳ ವಿಷಯವನ್ನೂ ಹಲವರು ಕೇಳುತ್ತಾರೆ. ಅನ್ಯ ಪುರುಷನ ಜೊತೆ ಒಂದೇ ಕಟ್ಟಿನಲ್ಲಿ ಬಿಗಿದುಕೊಂಡು ಹಾರುವುದಕ್ಕೆ ನಾನು ಒಪ್ಪಿಗೆ ಹೇಳಲಾರೆ. ಮಹಿಳಾ ಪೈಲಟ್ ಇದ್ದರೆ ಮಾತು ಬೇರೆ.

ನಮ್ಮ ಮನೆಗಳಲ್ಲಿ ಹಾರುವವರಿಗಿಂತ ಗುಡ್ಡೆ ಇರುವವರೇ ಜಾಸ್ತಿ. ಘಟ್ಟದ ಬುಡದಲ್ಲಿ, ಚಿಕ್ಕಮಗಳೂರು, ಕೊಡಗಿನ ಕಡೆ ಅಜ್ಜನ ಕಾಲದ ತೋಟ, ಅದರ ಮೇಲೊಂದು ಬೋಳು ಗುಡ್ಡೆ. ಹೋಂಸ್ಟೇ ಮಾಡುವವರು, ಹಾರಿಸುವವರು ಬಂದು "ವರ್ಷಕ್ಕೆ ಇಷ್ಟು ಕೊಡುತ್ತೇವೆ" ಎಂದರೆ ಊರಲ್ಲಿರುವ ಒಬ್ಬ ಮಗ ತಲೆ ಆಡಿಸುತ್ತಾನೆ. ಪಹಣಿಯಲ್ಲಿ ಇನ್ನೂ ಅಜ್ಜನದ್ದೇ ಹೆಸರು. ಒಬ್ಬ ಅಣ್ಣ ದಮ್ಮಾಮ್‌ನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಮೂರು ಜನ ಸಹೋದರಿಯರನ್ನು ಮದುವೆ ಮಾಡಿ ಕಳಿಸಿದ್ದೇವಲ್ಲ, ಅವರಿಗೆಂತ ಕೇಳುವುದು ಎನ್ನುವ ಧೋರಣೆ. ಆ ಗುಡ್ಡೆಯಲ್ಲಿ ಸಹೋದರಿಯರ ಪಾಲು ಅಲ್ಲಾಹನು ನಿಗದಿ ಮಾಡಿದ್ದು, ಮದುವೆಯ ಚಿನ್ನದಿಂದ ಅದು ತೀರುವುದಿಲ್ಲ. ಪಾಲಾಗದ ಆಸ್ತಿಯನ್ನು ಉಳಿದ ಪಾಲುದಾರರ ಒಪ್ಪಿಗೆ ಇಲ್ಲದೆ ಒಬ್ಬನೇ ಬೇರೆಯವರ ಬಳಕೆಗೆ ಕೊಡುವ ಹಾಗಿಲ್ಲ. ಬಾಡಿಗೆ ಬಂದರೆ ಅದರಲ್ಲೂ ಅವರಿಗೆ ಪಾಲುಂಟು. ವಕ್ಫಿನ ಗುಡ್ಡೆಯಾದರೆ ಇನ್ನೂ ಜಾಗ್ರತೆ ಬೇಕು, ವಾಕಿಫ್ ಹಾಕಿದ ಷರತ್ತು ಏನೆಂದು ನೋಡದೆ ಕಮಿಟಿಯ ಅಧ್ಯಕ್ಷರು ಸಹಿ ಹಾಕಲಿಕ್ಕಿಲ್ಲ.

ಹಾಗಾಗಿ ಯಾರಾದರೂ ಗುಡ್ಡೆ ಕೇಳಿಕೊಂಡು ಬಂದರೆ ಮೊದಲು ಚಾ ಕೊಡಿ, ಮಾತು ಕೊಡಬೇಡಿ. ವಾರಸುದಾರರೆಲ್ಲರಿಗೂ, ಮುಖ್ಯವಾಗಿ ಸಹೋದರಿಯರಿಗೆ ಫೋನ್ ಮಾಡಿ. ಅವರು ಒಪ್ಪಿದರೆ ಕಾಗದದಲ್ಲಿ ಬರೆಸಿ: ಯಾವ ತಿಂಗಳಿನಿಂದ ಯಾವ ತಿಂಗಳಿನ ತನಕ, ಯಾವ ದಾರಿಯಿಂದ ಹೋಗುವುದು, ಎಲ್ಲಿ ಇಳಿಯುವುದು, ಪಕ್ಕದವರ ಅಡಿಕೆ ಸಸಿ ಮುರಿದರೆ ಯಾರು ಕೊಡುವುದು, ಯಾರಾದರೂ ಬಿದ್ದರೆ ವಿಮೆ ಯಾರ ಹೆಸರಿನಲ್ಲಿ. ಒಂದು ಪ್ರತಿ ದಮ್ಮಾಮ್‌ಗೂ ಕಳಿಸಿ.