ಊರ ವರ್ತಮಾನ

ಕನ್ನಡದ ಮೊದಲ ವೃತ್ತಪತ್ರಿಕೆ ಜನಿಸಿದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಮುದ್ರಿಸಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಪಾಕ್ಷಿಕ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಸರಕಾರದ ನಿರೂಪಗಳು, ಪರರಾಜ್ಯದ ಸುದ್ದಿ, ಕಥೆಗಳ ಜೊತೆಗೆ ‘ಊರ ವರ್ತಮಾನ’ಕ್ಕೂ ಅದರಲ್ಲಿ ಸ್ಥಾನವಿದ್ದಿತು.

ಆ ಊರ ವರ್ತಮಾನದ ಮುಂದಿನ ಗತಿಯೇನು? ದೂರದೇಶದ ಸುದ್ದಿ ಇಂದು ಅಂಗೈಯಗಲದ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಆದರೆ ಪುರಸಭೆಯು ಯಾವ ಬೀದಿಯ ನಲ್ಲಿಗೆ ಎಷ್ಟು ಹಣ ವ್ಯಯಮಾಡಿತೆಂಬುದನ್ನು ತಿಳಿಸಲು ಊರಿನಲ್ಲೇ ಇರುವ ಬಾತ್ಮೀದಾರ ಬೇಕು. ಅವನ ಸಂಬಳ ಬಹುಮಟ್ಟಿಗೆ ಹುಟ್ಟುತ್ತಿದ್ದುದು ಪ್ರತಿಯ ಬೆಲೆಯಿಂದಲ್ಲ, ಜವಳಿ ಅಂಗಡಿ, ಚಿನ್ನದಂಗಡಿಗಳ ಜಾಹೀರಾತಿನಿಂದ. ಈಗ ಆ ಹಣ ಗೂಗಲ್, ಫೇಸ್‌ಬುಕ್‌ಗಳತ್ತ ಹರಿಯುತ್ತಿದೆ. ಶ್ರದ್ಧಾಂಜಲಿಯೂ ವಾಟ್ಸ್‌ಆ್ಯಪ್ ಸೇರಿದೆ.

ಬರಿದಾದ ಸ್ಥಳವನ್ನು ವದಂತಿ ತುಂಬುತ್ತದೆ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುಳ್ಳನ್ನು ನಂಬಿದ ಗುಂಪು ನಿರಪರಾಧಿ ತರುಣನೊಬ್ಬನನ್ನು ಹೊಡೆದು ಕೊಂದಿತು. ಆ ಸುಳ್ಳಿಗೆ ಸಂಪಾದಕನಿರಲಿಲ್ಲ. ಪತ್ರಿಕೆಯಲ್ಲಾದರೋ ಸಂಪಾದಕನ, ಮುದ್ರಕನ ಹೆಸರನ್ನು ಅಚ್ಚುಹಾಕಲೇಬೇಕೆಂಬುದು ಕಾನೂನು. ಸುದ್ದಿ ಸುಳ್ಳಾದರೆ ಓದುಗನು ಕಚೇರಿಯ ಬಾಗಿಲು ತಟ್ಟಬಹುದು.

ನಾಳಿನ ಊರ ಪತ್ರಿಕೆ ಕಾಗದದ ಮೇಲೆ ಬರಲಿ, ಪರದೆಯ ಮೇಲೆ ಬರಲಿ, ಅದು ಗೌಣ. ಜಾಹೀರಾತು ಕೈಬಿಟ್ಟ ಮೇಲೆ ಅದನ್ನು ಸಾಕಬೇಕಾದವರು ಚಂದಾದಾರರೇ. ತಿಂಗಳ ಹಾಲಿನ ಲೆಕ್ಕ ಬರೆಯುವ ಗೃಹಸ್ಥರು ಅದರ ಕೆಳಗೆ ಊರ ಪತ್ರಿಕೆಗೂ ಒಂದು ಸಾಲು ಮೀಸಲಿಟ್ಟರೆ, ಊರ ವರ್ತಮಾನ ಉಳಿದೀತು.